‘ಅವರ್ ಟೌನ್’ ಮೂರನೇ ಅಂಕ: ಪರದೆ ಸರಿದಾಗ ಕಾಣುವ ಆ ಅಡುಗೆಮನೆ

ಮೂರನೇ ಸಾಲು:
ಡೇವಿಡ್ ಕ್ರೋಮರ್ ನಿರ್ದೇಶನದ ‘ಅವರ್ ಟೌನ್’ ಬಗ್ಗೆ ನಮ್ಮ ಈ ರಂಗಭೂಮಿ ಚರ್ಚಾಗುಂಪಿನಲ್ಲಿ ಆಗಾಗ ಬಿಡಿಬಿಡಿಯಾಗಿ ಮಾತು ಬರುತ್ತದೆ. ಎಲ್ಲ ಒಂದೇ ಕಡೆ ಸೇರಲಿ ಎಂದು ಇದನ್ನು ಶುರು ಮಾಡಿದ್ದೇನೆ. ಹೊಸಬರಿಗೆ ಸ್ವಲ್ಪ ಹಿನ್ನೆಲೆ: ಥಾರ್ನ್‌ಟನ್ ವೈಲ್ಡರ್ ಬರೆದ ನಾಟಕ, 1938ರಲ್ಲಿ ಮೊದಲ ಸಲ ರಂಗಕ್ಕೆ ಬಂತು, ಅದೇ ವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ನ್ಯೂ ಹ್ಯಾಂಪ್‌ಶೈರ್‌ನ ಒಂದು ಪುಟ್ಟ ಊರಿನ ದಿನನಿತ್ಯದ ಬದುಕು ಅದರ ಕಥೆ. ವೆಬ್ ಮನೆಯ ಎಮಿಲಿ ಪಕ್ಕದ ಗಿಬ್ಸ್ ಮನೆಯ ಜಾರ್ಜ್‌ನನ್ನು ಮದುವೆಯಾಗುತ್ತಾಳೆ. ಮೂರನೇ ಅಂಕ ನಡೆಯುವುದು ಸ್ಮಶಾನದಲ್ಲಿ, ಸತ್ತವರು ಕುರ್ಚಿಗಳಲ್ಲಿ ಕೂತು ಮಾತಾಡುತ್ತಾರೆ. ಕ್ರೋಮರ್ ಇದನ್ನು 2008ರಲ್ಲಿ ಷಿಕಾಗೋದ ‘ದಿ ಹಿಪೊಕ್ರಿಟ್ಸ್’ ತಂಡಕ್ಕೆ ಮಾಡಿಸಿದರು. 2009ರ ಫೆಬ್ರವರಿ 26ರಿಂದ 2010ರ ಸೆಪ್ಟೆಂಬರ್‌ವರೆಗೆ ಅದು ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿದ್ದ ಬ್ಯಾರೋ ಸ್ಟ್ರೀಟ್ ಥಿಯೇಟರಿನಲ್ಲಿ ನಡೆಯಿತು. ಮೊದಲ ಬ್ರಾಡ್‌ವೇ ಪ್ರಯೋಗ 336 ಪ್ರದರ್ಶನ ಕಂಡಿತ್ತು. ಆಫ್-ಬ್ರಾಡ್‌ವೇಯ (ನ್ಯೂಯಾರ್ಕಿನ ಸಣ್ಣ ರಂಗಮಂದಿರಗಳ) ಈ ಪುಟ್ಟ ಜಾಗದ ಪ್ರಯೋಗ ಅದನ್ನೂ ದಾಟಿತು.

ಮೊದಲೆರಡು ಅಂಕದಲ್ಲಿ ಇರುವುದು ಮೇಜು, ಕುರ್ಚಿ, ಅಷ್ಟೇ. ನಟರ ಮೈಮೇಲೆ ಇವತ್ತಿನ ಬಟ್ಟೆ. ಪ್ರೇಕ್ಷಕರ ತಲೆಯ ಮೇಲಿನ ದೀಪ ಆರುವುದೇ ಇಲ್ಲ. ಮೂರನೇ ಅಂಕದಲ್ಲಿ, ಸತ್ತುಹೋದ ಎಮಿಲಿ ತನ್ನ ಹನ್ನೆರಡನೇ ಹುಟ್ಟುಹಬ್ಬದ ದಿನಕ್ಕೆ ವಾಪಸು ಹೋದಾಗ ಒಂದು ಬದಿಯ ಪರದೆ ಸರಿಯುತ್ತದೆ. ಒಳಗೆ ಪೂರ್ತಿ ಸಜ್ಜಾದ 1899ರ ಅಡುಗೆಮನೆ. ಕಾಲಕ್ಕೆ ತಕ್ಕ ಉಡುಪಿನಲ್ಲಿ ಅಮ್ಮ, ಒಲೆ, ಬಾಣಲೆಯಲ್ಲಿ ಚುರುಗುಟ್ಟುವ ನಿಜವಾದ ಬೇಕನ್ (ಹಂದಿಮಾಂಸದ ತೆಳು ಪಟ್ಟಿ). ಅದರ ವಾಸನೆ ಇಡೀ ಸಭಾಂಗಣಕ್ಕೆ ಹರಡುತ್ತದೆ.

ನನ್ನ ಪ್ರಶ್ನೆ ಎರಡು. ‘ರಂಗಸಜ್ಜಿಕೆ ಬೇಡ’ ಎಂದು ಬರೆದಿಟ್ಟ ನಾಟಕಕ್ಕೆ ಇದು ಅನ್ಯಾಯವಲ್ಲವೇ? ಮತ್ತೆ, ನ್ಯೂಜೆರ್ಸಿಯ ನಮ್ಮ ಹವ್ಯಾಸಿ ತಂಡ ಸುಮಾರು 120 ಸೀಟಿನ ಸಭಾಂಗಣದಲ್ಲಿ ಈ ನಾಟಕ ಎತ್ತಿಕೊಳ್ಳಲು ನೋಡುತ್ತಿದೆ. ಒಲೆ ಹೊತ್ತಿಸಿ ನಿಜವಾಗಿ ಏನಾದರೂ ಹುರಿಯಬೇಕೆಂದರೆ ಏನೇನು ಬೇಕು?

ಪ್ರಾಂಪ್ಟ್ ಪುಸ್ತಕ:
ಮೊದಲನೆಯದಕ್ಕೆ ಉತ್ತರ ರಂಗಪಠ್ಯದಲ್ಲೇ ಇದೆ ಸರ್. ಪರದೆ ಇಲ್ಲ, ಸಜ್ಜಿಕೆ ಇಲ್ಲ ಎಂಬುದು ಮೊದಲ ರಂಗಸೂಚನೆ, ನಿಜ. ಆದರೆ ಆ ಹುಟ್ಟುಹಬ್ಬದ ದೃಶ್ಯವನ್ನು ನಿಧಾನವಾಗಿ ಓದಿ. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ. ಅದು ಫ್ಯಾರನ್‌ಹೀಟ್ ಲೆಕ್ಕ, ನಮ್ಮ ಲೆಕ್ಕದಲ್ಲಿ ಮೈನಸ್ 23. ಮಿಸೆಸ್ ವೆಬ್ ಮಗಳಿಗೆ ಬೇಕನ್ ಚೆನ್ನಾಗಿ ಅಗಿದು ನಿಧಾನವಾಗಿ ತಿನ್ನು, ಮೈ ಬೆಚ್ಚಗಿರುತ್ತದೆ ಎನ್ನುತ್ತಾಳೆ. ಬೇಕನ್ ಕ್ರೋಮರ್ ತಂದು ಸೇರಿಸಿದ್ದಲ್ಲ, ವೈಲ್ಡರ್ ಬರೆದ ಮಾತಿನಲ್ಲೇ ಇದೆ. ಎಪ್ಪತ್ತು ವರ್ಷ ನಟಿಯರು ಆ ಮಾತನ್ನು ಖಾಲಿ ಕೈಯಲ್ಲಿ ಆಡಿದರು. ಇಲ್ಲಿ ಕೈಯಲ್ಲಿ ಬಾಣಲೆ ಬಂತು.

ಇನ್ನೊಂದು ಸಂಗತಿ. ಮೊದಲ ಅಂಕದಲ್ಲಿ, ಕಥೆ ನಡೆಸುವ ಸ್ಟೇಜ್ ಮ್ಯಾನೇಜರ್ ಎಂಬ ಪಾತ್ರ ಎರಡು ಬಳ್ಳಿ ಚಪ್ಪರದ ಚೌಕಟ್ಟುಗಳನ್ನು ತಂದು ನಿಲ್ಲಿಸಿ, ಸಜ್ಜಿಕೆ ಬೇಕೇ ಬೇಕು ಅನ್ನುವವರಿಗೆ ಇದು ಎನ್ನುತ್ತಾನೆ. ವೈಲ್ಡರ್‌ಗೆ ವಸ್ತುಗಳ ಮೇಲೆ ಹಗೆ ಇರಲಿಲ್ಲ. ವಸ್ತು ಯಾವಾಗ ಬರಬೇಕು ಎಂಬುದರಲ್ಲಿ ಲೆಕ್ಕವಿತ್ತು.

ಬಾಲ್ಕನಿ:
ನಾನು ಒಪ್ಪುವುದಿಲ್ಲ. ವೈಲ್ಡರ್ ಮುಂದೆ ತಮ್ಮ ಮೂರು ನಾಟಕಗಳ ಸಂಪುಟಕ್ಕೆ ಬರೆದ ಮುನ್ನುಡಿಯಲ್ಲಿ ನಮ್ಮ ಆಸೆ, ಹತಾಶೆ ಎಲ್ಲ ಇರುವುದು ಮನಸ್ಸಿನಲ್ಲಿ, ವಸ್ತುಗಳಲ್ಲಲ್ಲ, ಸಜ್ಜಿಕೆಯಲ್ಲಲ್ಲ ಎಂದು ನೇರವಾಗಿಯೇ ಹೇಳಿದ್ದಾರೆ. ಎರಡು ಅಂಕದುದ್ದಕ್ಕೂ ಪ್ರತಿಯೊಬ್ಬ ಪ್ರೇಕ್ಷಕನೂ ತಲೆಯೊಳಗೆ ಒಂದು ಅಡುಗೆಮನೆ ಕಟ್ಟಿಕೊಂಡಿರುತ್ತಾನೆ. ಅದು ಅವನ ಅಮ್ಮನದು, ಅಜ್ಜಿಯದು. ಮಲೆನಾಡಿನ ಸಾಗರದ ಕಡೆಯವನಾದರೆ ಅಲ್ಲಿ ಹಂಡೆ ಒಲೆಯೂ ಇರುತ್ತದೆ. ಪರದೆ ಸರಿದ ಕ್ಷಣ ನ್ಯೂ ಹ್ಯಾಂಪ್‌ಶೈರ್‌ನ ಒಂದು ಅಡುಗೆಮನೆ ಬಂದು ಅದನ್ನು ಒರೆಸಿ ಹಾಕುತ್ತದೆ. ನೂರೈವತ್ತು ಅಡುಗೆಮನೆ ಇದ್ದಲ್ಲಿ ಒಂದೇ ಉಳಿಯಿತು. ಇದು ಸಣ್ಣ ನಷ್ಟವಲ್ಲ.

ನೇಪಥ್ಯ:
ಬಾಲ್ಕನಿ ಅವರೇ, ನಿಮ್ಮ ಆಕ್ಷೇಪಕ್ಕೆ ತೂಕವಿದೆ. ಆದರೆ ಅದನ್ನೇ ಮಗುಚಿ ನೋಡಿ. ಮೊದಲ ಅಂಕ 1901ರ ಮೇ 7. ಬದುಕಿರುವವರು ಬೆಳಗಿನ ತಿಂಡಿ ಮಾಡುತ್ತಾರೆ, ಹುರುಳಿಕಾಯಿ ನಾರು ತೆಗೆಯುತ್ತಾರೆ, ಹಾಲಿನವನು ಹೋವೀ ನ್ಯೂಸಮ್ ಕಾಣದ ಕುದುರೆ ಹೊಡೆದುಕೊಂಡು ಬರುತ್ತಾನೆ. ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಯಾಕೆಂದರೆ ಅವರೂ ಅದನ್ನು ನೋಡುತ್ತಿಲ್ಲ, ದಿನಾ ಇರುವುದಲ್ಲವೇ. ಎಮಿಲಿ 26ನೇ ವಯಸ್ಸಿನಲ್ಲಿ ಹೆರಿಗೆಯಲ್ಲಿ ತೀರಿಕೊಂಡ ಮೇಲೆ, ಮೊದಲ ಸಲ ದಿಟ್ಟಿಸಿ ನೋಡುತ್ತಾಳೆ. ಆಗ ವಸ್ತುಗಳು ಇರತೊಡಗುತ್ತವೆ. ಒಲೆಗೆ ಕಬ್ಬಿಣದ ಭಾರ ಬರುತ್ತದೆ, ಕಿಟಕಿಗೆ ಗಾಜು ಬರುತ್ತದೆ. ಆ ಅಡುಗೆಮನೆ ಪ್ರೇಕ್ಷಕರಿಗೆ ತೋರಿಸಲು ಇಟ್ಟದ್ದಲ್ಲ, ಎಮಿಲಿಯ ಕಣ್ಣಿಗೆ ಕಂಡದ್ದು. ಅವಳು ಮಾತ್ರ ಇವತ್ತಿನ ಬಟ್ಟೆಯಲ್ಲೇ ಹೊರಗೆ ನಿಂತಿರುತ್ತಾಳೆ ಎಂಬುದನ್ನು ಮರೆಯಬಾರದು. ನಾವೂ ಅವಳ ಹಾಗೆ ಹೊರಗಿನವರೇ.

ತಾಲೀಮು ಮನೆ:
ಅರ್ಥದ ಚರ್ಚೆ ಚೆನ್ನಾಗಿದೆ. ನಟನೆಯ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಇದೇ.

ಆ ದೃಶ್ಯದ ಸಂಕಟವೆಲ್ಲ ಅಮ್ಮ ಮಗಳ ಮುಖ ನೋಡುವುದಿಲ್ಲ ಎಂಬುದರಲ್ಲಿದೆ. ಒಂದು ಗಳಿಗೆ ನನ್ನನ್ನು ಸರಿಯಾಗಿ ನೋಡಮ್ಮಾ ಎಂದು ಎಮಿಲಿ ಅಂಗಲಾಚುತ್ತಾಳೆ. ಅಮ್ಮ ಯಾಕೆ ನೋಡುವುದಿಲ್ಲ? ಬಾಣಲೆ ಇಲ್ಲದೆ ಆಡಿಸಿದಾಗ ನಟಿಗೆ ಇದಕ್ಕೆ ಕಾರಣ ಸಿಗುವುದಿಲ್ಲ. ಹಾಗಾಗಿ ಒಂದೋ ಅಮ್ಮ ಕಲ್ಲು ಮನಸ್ಸಿನವಳಾಗಿ ಕಾಣುತ್ತಾಳೆ, ಇಲ್ಲವೇ ನಿರ್ದೇಶಕರು ಹೇಳಿದ್ದಕ್ಕೆ ತಲೆ ತಗ್ಗಿಸಿದ್ದಾಳೆ ಎಂದು ಗೊತ್ತಾಗಿಬಿಡುತ್ತದೆ. ಒಲೆಯ ಮೇಲೆ ನಿಜವಾದ ಕೊಬ್ಬು ಕರಗುತ್ತಿದ್ದರೆ ನಟಿಗೆ ಕಣ್ಣೆತ್ತಲು ಪುರುಸೊತ್ತೇ ಇರುವುದಿಲ್ಲ. ಪಟ್ಟಿಯ ಅಂಚು ಸುರುಟಿಕೊಳ್ಳುತ್ತದೆ, ಇಕ್ಕಳದಿಂದ ಒತ್ತಿ ಹಿಡಿಯಬೇಕು. ಒಂದು ಹನಿ ಎಣ್ಣೆ ಮಣಿಕಟ್ಟಿಗೆ ಸಿಡಿಯುತ್ತದೆ, ಕೈ ಹಿಂದಕ್ಕೆ ಬರುತ್ತದೆ, ಬಾಯಲ್ಲಿ ಮಾತು ಮಾತ್ರ ಹಾಗೇ ಸಾಗುತ್ತದೆ: ಬಾಸ್ಟನ್‌ನಿಂದ ತರಿಸಿದ ಉಡುಗೊರೆಯ ವಿಷಯ, ಜಾರ್ಜ್ ಬಾಗಿಲಲ್ಲಿ ಇಟ್ಟು ಹೋದ ಪೋಸ್ಟ್‌ಕಾರ್ಡ್ ಆಲ್ಬಂ ವಿಷಯ. ಪ್ರೀತಿ ಇಲ್ಲದೆ ಅಲ್ಲ, ತಿಂಡಿ ಸೀದುಹೋಗಬಾರದು ಎಂದು ಅವಳು ನೋಡುವುದಿಲ್ಲ. ಮಗಳಿಗಾಗಿಯೇ ಮಾಡುತ್ತಿರುವ ಕೆಲಸ ಮಗಳ ಮುಖ ನೋಡಲು ಬಿಡುತ್ತಿಲ್ಲ. ಇಷ್ಟನ್ನು ನಟಿ ಅಭಿನಯಿಸಬೇಕಾಗಿಲ್ಲ, ಬಾಣಲೆಯೇ ಮಾಡಿಸುತ್ತದೆ.

ಆದ್ದರಿಂದ ಮೂರನೇ ಸಾಲು ಅವರೇ, ವಾಸನೆಗೆಂದು ಮಾತ್ರ ಒಲೆ ಇಡುವುದಾದರೆ ಬೇಡ. ಬೇರೆಲ್ಲೋ ಹುರಿದು ಫ್ಯಾನ್ ಹಾಕಿದರೂ ವಾಸನೆ ಬರುತ್ತದೆ. ಅಮ್ಮನ ಕೈಗೆ ಕೆಲಸ ಕೊಡುವುದಕ್ಕೆ ಒಲೆ ಬೇಕು.

ಮೂರನೇ ಸಾಲು:
ಇದನ್ನು ನಾವು ಯೋಚಿಸಿಯೇ ಇರಲಿಲ್ಲ. ಹಾಗಾದರೆ ಒಲೆಯ ವಿಷಯ ಬಿಡಿಸಿ ಹೇಳಿ. ಗ್ಯಾಸ್ ಸಾಧ್ಯವೇ? ಸಭಾಂಗಣದವರು ‘ಬೆಂಕಿ ಬೇಡ’ ಅಂದಿದ್ದಾರೆ.

ಪರಿಕರ ಪೆಟ್ಟಿಗೆ:
ಗ್ಯಾಸ್ ಮರೆತುಬಿಡಿ. ರಂಗದ ಮೇಲೆ ತೆರೆದ ಜ್ವಾಲೆ ಅಂದರೆ ಅಗ್ನಿಶಾಮಕ ಇಲಾಖೆಯ ಪರವಾನಗಿ, ತರಬೇತಾದ ಕಾವಲು, ಅದೇ ಒಂದು ನಾಟಕವಾಗುತ್ತದೆ. ವಿದ್ಯುತ್ ಒಲೆ ಸಾಕು. ಅದಕ್ಕೂ ಸಭಾಂಗಣದವರ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಪ್ರದರ್ಶನದ ದಿನ ಕೆಲಸಕ್ಕೆ ಬಾರದು.

ಇಂಡಕ್ಷನ್ ಒಲೆಯೋ ಕಾಯಿಲ್ (ತಂತಿ ಸುರುಳಿ ಕಾಯುವ) ಒಲೆಯೋ ಎಂದರೆ ನಾನು ಇಂಡಕ್ಷನ್ ಅನ್ನುತ್ತೇನೆ. ಆರಿಸಿದ ತಕ್ಷಣ ಶಾಖ ಹುಟ್ಟುವುದು ನಿಲ್ಲುತ್ತದೆ, ಬಾಣಲೆಯ ಬಿಸಿಯಷ್ಟೇ ಉಳಿಯುತ್ತದೆ. ಕಾಯಿಲ್ ಆರಿಸಿದ ಮೇಲೂ ಎಷ್ಟೋ ಹೊತ್ತು ಸುಡುತ್ತದೆ, ದೃಶ್ಯ ಮುಗಿದ ಮೇಲೆ ಕತ್ತಲಲ್ಲಿ ಯಾರೋ ಕೈ ಇಟ್ಟುಬಿಡುತ್ತಾರೆ. ಇಂಡಕ್ಷನ್‌ಗೆ ಇರುವ ದೋಷ ಅದರ ಫ್ಯಾನ್ ಸದ್ದು. ಮುಂದಿನ ಸಾಲಿಗೆ ಅದು ಕೇಳುತ್ತದೆ. ಬಾಣಲೆ ಚುರುಗುಟ್ಟಲು ಶುರುವಾದ ಮೇಲೆ ಮುಚ್ಚಿಹೋಗುತ್ತದೆ, ಆದರೆ ಅದಕ್ಕೆ ಮೊದಲಿನ ನಿಮಿಷಗಳು ಸ್ಮಶಾನದ ನಿಶ್ಶಬ್ದದ ನಿಮಿಷಗಳು. ತಾಲೀಮಿನಲ್ಲಿ ಕಿವಿಗೊಟ್ಟು ಕೇಳಿಯೇ ಯಾವ ಒಲೆ ಎಂದು ಆರಿಸಿ.

ವಿದ್ಯುತ್: 1800 ವಾಟ್ ಒಲೆ ಅಮೆರಿಕದ 120 ವೋಲ್ಟ್‌ನಲ್ಲಿ 15 ಆಂಪಿಯರ್ ಎಳೆಯುತ್ತದೆ. ಆದ್ದರಿಂದ 20 ಆಂಪಿಯರ್‌ನ ಪ್ರತ್ಯೇಕ ಸರ್ಕಿಟ್ ಬೇಕು, ಅದರ ಮೇಲೆ ಬೇರೆ ಏನೂ ಇರಬಾರದು. ರಂಗದೀಪಗಳ ಬೆಳಕು ಏರಿಳಿಸುವ ಡಿಮ್ಮರ್ ಚಾನಲ್‌ಗೆ ಯಾವತ್ತೂ ಸಿಕ್ಕಿಸಬೇಡಿ. ‘ಫುಲ್‌ನಲ್ಲಿ ಇಟ್ಟರೆ ಏನಾಗುತ್ತದೆ’ ಅನ್ನುವವರು ಇರುತ್ತಾರೆ. ಒಲೆಯ ಒಳಗಿನ ಎಲೆಕ್ಟ್ರಾನಿಕ್ಸ್ ಕೆಡುತ್ತದೆ, ಡಿಮ್ಮರೂ ಹೋಗಬಹುದು. ಒಲೆಯ ಬಳಿ ಒಂದು ಸ್ವಿಚ್, ಪ್ರಾಂಪ್ಟ್ ಮೂಲೆಯಲ್ಲಿ (ರಂಗದ ಪಕ್ಕ ಕೂತು ಸೂಚನೆ ಕೊಡುವವರ ಜಾಗ) ಇನ್ನೊಂದು. ಒಲೆ ಚಾಲೂ ಇದೆಯೇ ಎಂದು ತಿಳಿಯಲು ಅಲ್ಲೇ ಒಂದು ಸಣ್ಣ ಕೆಂಪು ದೀಪ.

ಹೊರಕವಚ: 1899ರದ್ದು ಅಂದರೆ ಸೌದೆ ಉರಿಸುವ ಎರಕದ ಕಬ್ಬಿಣದ ಒಲೆ. ಪ್ಲೈವುಡ್‌ನಲ್ಲಿ ಕವಚ ಮಾಡಿ ಕಪ್ಪು ಬಳಿಯುತ್ತೀರಿ. ಒಳಗಿನ ಒಲೆಯ ಸುತ್ತ ಸಿಮೆಂಟ್ ಬೋರ್ಡ್ ಹೊದಿಸಿ, ಪ್ಲೈವುಡ್‌ಗೂ ಒಲೆಗೂ ಮಧ್ಯೆ ಕಡೇಪಕ್ಷ 15 ಸೆಂ.ಮೀ. ಬಿಡಿ. ಹಿಂಬದಿ ಪೂರ್ತಿ ತೆರೆದಿರಲಿ. ಇಂಡಕ್ಷನ್ ಒಲೆಗೆ ಕೆಳಗಿನಿಂದ ಗಾಳಿ ಬೇಕು. ಪೆಟ್ಟಿಗೆಯೊಳಗೆ ಬಿಗಿಯಾಗಿ ಕೂರಿಸಿದರೆ ಐದೇ ನಿಮಿಷದಲ್ಲಿ ತಾನೇ ಆರಿಹೋಗುತ್ತದೆ. ಈ ದೃಶ್ಯದಲ್ಲಿ ಅತಿ ಹೆಚ್ಚು ಕೈಕೊಡುವುದು ಇದೇ.

ಉಡುಪು: ಹತ್ತಿ ಅಥವಾ ಉಣ್ಣೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ತೋಳಿಗೆ ಮಣಿಕಟ್ಟಿನಲ್ಲಿ ಗುಂಡಿ ಇರಲಿ, ಜೋಲುವ ಅಂಚು ಬೇಡ.

ಮೂರನೇ ಸಾಲು:
ಬೇಕನ್ ಎಷ್ಟು, ಯಾವಾಗ ಹಾಕಬೇಕು?

ಪರಿಕರ ಪೆಟ್ಟಿಗೆ:
120 ಸೀಟಿಗೆ ಐದಾರು ಪಟ್ಟಿ ಸಾಕು. ಎರಕದ ಕಬ್ಬಿಣದ 25 ಸೆಂ.ಮೀ. ಬಾಣಲೆ. ಇಂಡಕ್ಷನ್‌ಗೂ ಅದೇ ಒಗ್ಗುತ್ತದೆ, ಕಾಲಕ್ಕೂ ಅದೇ ಹೊಂದುತ್ತದೆ. ಖಾಲಿ ಬಾಣಲೆಯನ್ನು ಮೂರನೇ ಅಂಕ ಶುರುವಾದ ಮೇಲೆ ಸಣ್ಣ ಶಾಖದಲ್ಲಿ ಆರೇಳು ನಿಮಿಷ ಕಾಯಿಸಿ. ಖಾಲಿ ಬಾಣಲೆಗೆ ವಾಸನೆ ಇರುವುದಿಲ್ಲ, ಅದೇ ಇಲ್ಲಿಯ ಉಪಾಯ. ಹಿಂದಿನ ಆಟದ ಜಿಡ್ಡು ಮಾತ್ರ ಒಂದಿಷ್ಟೂ ಇರಕೂಡದು, ಇದ್ದರೆ ಅದೇ ಮೊದಲು ಹೊಗೆಯಾಗುತ್ತದೆ.

ಪಟ್ಟಿ ಹಾಕುವ ಕ್ಯೂ, ಅಂದರೆ ಸೂಚನೆಯ ಗಳಿಗೆ: ಎಮಿಲಿ ಹಿಂದಕ್ಕೆ ಹೋಗುತ್ತೇನೆ ಅಂದಾಗ ಮಿಸೆಸ್ ಗಿಬ್ಸ್ ಮತ್ತು ಉಳಿದ ಸತ್ತವರು ಬೇಡ ಅನ್ನುತ್ತಾರಲ್ಲ, ಆ ವಾದದ ಕೊನೆಯ ಭಾಗ. ಪರದೆ ಸರಿಯಲು ಸುಮಾರು 40 ಸೆಕೆಂಡ್ ಇರುವಾಗ. ಅದಕ್ಕಿಂತ ಮೊದಲು ಹಾಕಿದರೆ ವಾಸನೆ ಪರದೆಯ ಈಚೆಗೆ ನುಸುಳಿ, ಸ್ಮಶಾನದ ದೃಶ್ಯದಲ್ಲಿ ಜನ ತಲೆ ತಿರುಗಿಸಿ ಪಕ್ಕದ ಹೋಟೆಲೇನೋ ಎಂದು ನೋಡತೊಡಗುತ್ತಾರೆ. ತಡವಾದರೆ ಪರದೆ ಸರಿದಾಗ ಹಸಿ ಮಾಂಸ ಸದ್ದಿಲ್ಲದೆ ಬಿದ್ದಿರುತ್ತದೆ. ಕಣ್ಣು, ಕಿವಿ ಮೊದಲು, ಮೂಗು ಆಮೇಲೆ. ಈ ಕ್ರಮ ತಪ್ಪಬಾರದು. ಮೊದಲ ಸಾಲಿಗೆ ಅರ್ಧ ನಿಮಿಷದಲ್ಲಿ ತಲುಪುತ್ತದೆ, ಹಿಂದಿನ ಸಾಲಿಗೆ ಎರಡು ಮೂರು ನಿಮಿಷ ಬೇಕು.

ಅಂಗಡಿಯಲ್ಲಿ ಕೊಳ್ಳುವಾಗ ಮೇಪಲ್ ಸಕ್ಕರೆ ಹಚ್ಚಿದ ಬೇಕನ್ ಬೇಡ. ಸಕ್ಕರೆ ಬೇಗ ಕರಿಯಾಗಿ ಕಟು ಹೊಗೆ ಏಳುತ್ತದೆ. ನೀರು ತುಂಬಿದ ಅಗ್ಗದ ಪ್ಯಾಕೆಟ್ ವಿಪರೀತ ಸಿಡಿಯುತ್ತದೆ. ಯಾವುದೇ ಆದರೂ ಕಾಗದದ ಟವೆಲ್‌ನಿಂದ ಒತ್ತಿ ಒರೆಸಿಯೇ ಹಾಕಿ. ಹಸಿಯದಕ್ಕೆ ಒಂದು ಇಕ್ಕಳ, ಬೆಂದದ್ದಕ್ಕೆ ಇನ್ನೊಂದು. ತಿನ್ನುವ ತಟ್ಟೆಯಲ್ಲಿ ಹೇಗೂ ಮೊದಲೇ ಬೇಯಿಸಿಟ್ಟದ್ದನ್ನೇ ಇಡಿ, ನಟರು ಅರೆಬೆಂದದ್ದು ತಿನ್ನುವ ಪ್ರಸಂಗ ಬರಬಾರದು.

ಜಿಡ್ಡಿಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ. ಬಾಣಲೆಗೆ ಸರಿಹೊಂದುವ ಮುಚ್ಚಳ ಒಲೆಯ ಪಕ್ಕದ ಮೊಳೆಗೇ ನೇತುಹಾಕಿರಲಿ, ನೋಡುವವರಿಗೆ ಅದೂ ಅಡುಗೆಮನೆಯ ಸಾಮಾನೇ. ರಂಗದ ಪಕ್ಕದ ಮರೆಯಲ್ಲಿ ಅಡುಗೆ ಎಣ್ಣೆಯ ಬೆಂಕಿಗೆಂದೇ ಇರುವ ಕ್ಲಾಸ್ ಕೆ ನಂದಕ, ಅದನ್ನು ಬಳಸಲು ಬರುವ ಒಬ್ಬರು.

ದೀಪದವನು:
ಹೊಗೆಯ ಡಿಟೆಕ್ಟರ್ ಬಗ್ಗೆ ಯಾರೂ ಹೇಳಲಿಲ್ಲ. ದ್ಯುತಿ ಆಧಾರಿತ ಡಿಟೆಕ್ಟರ್ ಅಡುಗೆಯ ಜಿಡ್ಡು ಮಂಜಿಗೆ ಕೂಗಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲ ಕಟ್ಟಿ ಮುಚ್ಚುವುದು ಅಪರಾಧ, ಅಪಾಯ ಕೂಡ. ಸಭಾಂಗಣದವರೇ ಆ ಒಂದು ವಲಯವನ್ನು ದೃಶ್ಯದ ಅವಧಿಗೆ ಶಾಖ ಮಾತ್ರ ಗುರುತಿಸುವ ಸ್ಥಿತಿಗೆ ತರಬಹುದು ಅಥವಾ ಕಾವಲಿನವರನ್ನು ಇಟ್ಟು ತಾತ್ಕಾಲಿಕವಾಗಿ ನಿಲ್ಲಿಸಬಹುದು. ಎಷ್ಟು ಗಂಟೆಗೆ ನಿಲ್ಲಿಸಿದರು, ಎಷ್ಟು ಗಂಟೆಗೆ ಮತ್ತೆ ಚಾಲೂ ಮಾಡಿದರು, ಎರಡನ್ನೂ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಎಸಿ ಕೊಳವೆಯ ಒಳಗೂ ಒಂದು ಡಿಟೆಕ್ಟರ್ ಇರುವುದುಂಟು, ಕೇಳಿ ತಿಳಿದುಕೊಳ್ಳಿ.

ಪರದೆ ಒಲೆಯಿಂದ ಒಂದು ಮೀಟರ್‌ಗೂ ಹೆಚ್ಚು ದೂರವಿರಲಿ. ಬಟ್ಟೆಗೆ ಎನ್‌ಎಫ್‌ಪಿಎ 701 (ಬೇಗ ಬೆಂಕಿ ಹಿಡಿಯುವುದಿಲ್ಲ ಎಂಬ ಪರೀಕ್ಷೆಯ) ಪ್ರಮಾಣಪತ್ರ ಇರಬೇಕು. ದಪ್ಪ ಬಟ್ಟೆ ವಾಸನೆ ತಡೆಯುತ್ತದೆ, ಕೆಳ ಅಂಚಿಗೆ ಸರಪಳಿ ಹೊಲಿದಿದ್ದರೆ ನೆಲಕ್ಕೆ ಕೂರುತ್ತದೆ. ಆದರೆ ಅದೇ ದಪ್ಪ ಬಟ್ಟೆ ವಾಸನೆ ಹೀರಿಕೊಂಡೂ ಇಡುತ್ತದೆ. ಶನಿವಾರ ಮಧ್ಯಾಹ್ನದ ಆಟ ಮುಗಿಸಿ ಸಂಜೆ ಆಟಕ್ಕೆ ಬಾಗಿಲು ತೆರೆದಾಗ ಮೊದಲ ಅಂಕದಲ್ಲೇ ಬೇಕನ್ ವಾಸನೆ ಇದ್ದರೆ ಎಲ್ಲ ಮಣ್ಣು ಪಾಲು. ಎರಡು ಆಟದ ನಡುವೆ ಬಾಗಿಲೆಲ್ಲ ತೆರೆದು ಅರ್ಧ ಗಂಟೆಗೂ ಹೆಚ್ಚು ಎಕ್ಸಾಸ್ಟ್ ಓಡಿಸಿ, ಜಿಡ್ಡನ್ನು ಮುಚ್ಚಳದ ಡಬ್ಬಿಯಲ್ಲಿ ಹೊರಗೆ ಸಾಗಿಸಿ, ಬಾಣಲೆ ಕೂಡಲೇ ತೊಳೆಯಿರಿ.

ಬೆಳಕಿಗೆ ಬರುತ್ತೇನೆ. ಹೌಸ್ ಲೈಟ್ (ಪ್ರೇಕ್ಷಕರ ಮೇಲಿನ ದೀಪ) ಉರಿಸಿಟ್ಟು ಆಡುವುದು ಸುಲಭ ಅನಿಸುತ್ತದೆ, ಅಲ್ಲ. ನಟನಿಗೆ ಪ್ರತಿ ಕಣ್ಣೂ ಕಾಣುತ್ತದೆ. ಪ್ರೇಕ್ಷಕನಿಗೆ ಎದುರಿನ ಪ್ರೇಕ್ಷಕ ಕಾಣುತ್ತಾನೆ. ದೀಪ ಪೂರ್ತಿ ಉರಿಸಿದರೆ ಸಭೆಯ ಹಾಗಾಗುತ್ತದೆ, 40 ಪ್ರತಿಶತದ ಆಸುಪಾಸು ಸಾಕು. ಅಡುಗೆಮನೆ ತೆರೆಯುವ ಮುನ್ನ ಕತ್ತಲೆ ಮಾಡಬೇಡಿ. ಕತ್ತಲೆ ಮಾಡಿದರೆ ‘ಏನೋ ಬರುತ್ತಿದೆ’ ಎಂದು ಮೊದಲೇ ಗೊತ್ತಾಗುತ್ತದೆ. ಸ್ಮಶಾನದ ದೃಶ್ಯದುದ್ದಕ್ಕೂ ಕಣ್ಣಿಗೆ ಗೊತ್ತಾಗದಷ್ಟು ನಿಧಾನವಾಗಿ, ಹತ್ತು ನಿಮಿಷದಲ್ಲಿ, 40ರಿಂದ 15ಕ್ಕೆ ಇಳಿಸಿ. ಪರದೆ ಸರಿದಾಗ ಒಳಗೆ ಎರಡೇ ಮೂಲ: ಕಿಟಕಿಯಿಂದ ಹಿಮದ ಬೆಳಗಿನ ತಣ್ಣನೆ ನೀಲಿ ಬಿಳುಪು, ಸುಮಾರು 5600 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ). ಮೇಜಿನ ಮೇಲಿನ ಎಣ್ಣೆ ದೀಪದ ಕಡೆಯಿಂದ 3000ಕ್ಕೂ ಕೆಳಗಿನ ಹಳದಿ. ಬಾಣಲೆಯಿಂದ ಏಳುವ ಆವಿ ಕಿಟಕಿಯ ಬೆಳಕಿಗೆ ಅಡ್ಡ ಬರುವಂತೆ ಒಲೆ ಇಡಿ. ಆವಿ ಕಣ್ಣಿಗೆ ಬಿದ್ದರೆ ಮೂಗು ತಾನಾಗಿ ಹುಡುಕುತ್ತದೆ.

ಬಾಲ್ಕನಿ:
ಇಷ್ಟೆಲ್ಲ ಕಷ್ಟಪಟ್ಟು ಬೇರೊಬ್ಬ ನಿರ್ದೇಶಕರ ಕಲ್ಪನೆಯನ್ನು ನಕಲು ಮಾಡಬೇಕೇ ಎಂಬ ಪ್ರಶ್ನೆ ಉಳಿಯಿತಲ್ಲ?

ಪ್ರಾಂಪ್ಟ್ ಪುಸ್ತಕ:
ನ್ಯಾಯವಾದ ಪ್ರಶ್ನೆ. ಹಕ್ಕಿನ ವಿಷಯ ಮೊದಲು. ನಾಟಕಕ್ಕೆ ಅಮೆರಿಕದಲ್ಲಿ 2033ರ ಕೊನೆಯವರೆಗೆ ಕಾಪಿರೈಟ್ ಇದೆ. ಪ್ರದರ್ಶನದ ಲೈಸೆನ್ಸ್ ಈಗ ಕಾನ್‌ಕಾರ್ಡ್ ಥಿಯೇಟ್ರಿಕಲ್ಸ್ ಸಂಸ್ಥೆಯ ಮೂಲಕ ಸಿಗುತ್ತದೆ. ಮಾತು ಕತ್ತರಿಸುವುದು, ಸೇರಿಸುವುದು, ಊರು ಬದಲಿಸುವುದು ಯಾವುದಕ್ಕೂ ಕೇಳದೆ ಕೈಹಾಕುವಂತಿಲ್ಲ. ಕನ್ನಡಕ್ಕೆ ತರುವುದಾದರೆ ಅನುವಾದಕ್ಕೆ ಬೇರೆಯೇ ಒಪ್ಪಿಗೆ ಬೇಕು. ಟಿಕೆಟ್ ಇಲ್ಲದ ಪ್ರದರ್ಶನಕ್ಕೂ ಲೈಸೆನ್ಸ್ ಬೇಕು, ಇದನ್ನು ಸಂಘಗಳು ಹಲವು ಸಲ ಮರೆಯುತ್ತವೆ.

ಕ್ರೋಮರ್ ಅವರ ಅಡುಗೆಮನೆಯ ವಿಷಯ ಬೇರೆ. ಅದು ರಂಗಪಠ್ಯದ ಭಾಗವಲ್ಲ, ಲೈಸೆನ್ಸ್ ತಗೊಂಡರೆ ಅದು ಜೊತೆಗೆ ಬರುವುದಿಲ್ಲ. ಇನ್ನೊಬ್ಬರ ರಂಗಕಲ್ಪನೆಯನ್ನು ಹಾಗೇ ಎತ್ತಿಕೊಳ್ಳುವುದು ವೃತ್ತಿಯಲ್ಲಿ ಮರ್ಯಾದೆಯಲ್ಲ. ತಾಲೀಮು ಮನೆಯವರು ಹೇಳಿದ್ದನ್ನೇ ಹಿಡಿಯಿರಿ: ಅಮ್ಮನ ಕೈಗೆ ನಿಜವಾದ ಕೆಲಸ. ಆ ತತ್ವ ಯಾರ ಸ್ವತ್ತೂ ಅಲ್ಲ. ಅದನ್ನು ನಿಮ್ಮದೇ ರೀತಿಯಲ್ಲಿ ಕಂಡುಕೊಳ್ಳಿ.

ಮಲೆನಾಡ ಹುಡುಗಿ:
ಅನುಮತಿ ಸಿಕ್ಕಿ ಕನ್ನಡದಲ್ಲಿ ಆಡುವುದಾದರೆ ನಾನು ಬೇಕನ್ ಬಿಟ್ಟು ಒಗ್ಗರಣೆ ಅನ್ನುತ್ತಿದ್ದೆ. ಸಾಸಿವೆ ಚಟಪಟ ಅನ್ನುವ ಸದ್ದು, ಇಂಗು, ಕರಿಬೇವು. ನಮ್ಮವರಲ್ಲಿ ಅನೇಕರು ಹಂದಿಮಾಂಸ ಮುಟ್ಟದವರು. ಅವರಿಗೆ ಆ ವಾಸನೆ ಅಮ್ಮನನ್ನು ನೆನಪಿಸುವುದಿಲ್ಲ, ಮೂಗು ಮುಚ್ಚಿಕೊಳ್ಳುವಂತೆ ಮಾಡುತ್ತದೆ. ಆಗ ದೃಶ್ಯವೇ ಕೆಟ್ಟಿತು.

ಪರಿಕರ ಪೆಟ್ಟಿಗೆ:
ಒಳ್ಳೆಯ ಯೋಚನೆ, ಆದರೆ ಒಗ್ಗರಣೆಯ ಆಯುಸ್ಸು ಅರ್ಧ ನಿಮಿಷ. ಸಾಸಿವೆ ಸಿಡಿದು ಮುಗಿದರೆ ಮುಗಿಯಿತು, ಅಮ್ಮನ ಕೈ ಮತ್ತೆ ಖಾಲಿ. ಬೇಕನ್ ಐದಾರು ನಿಮಿಷ ಕೆಲಸ ಕೊಡುತ್ತದೆ. ಜೊತೆಗೆ ಒಣಮೆಣಸಿನಕಾಯಿ ಬಿತ್ತೋ, ಘಾಟಿಗೆ ಮುಂದಿನ ಎರಡು ಸಾಲು ಕೆಮ್ಮಲು ಶುರು ಮಾಡುತ್ತದೆ, ಎಮಿಲಿಯ ಮಾತು ಒಂದೂ ಕೇಳುವುದಿಲ್ಲ. ದೋಸೆ ನೋಡಿ. ಕಾವಲಿಗೆ ಹಿಟ್ಟು ಹುಯ್ಯುವುದು, ಹರಡುವುದು, ಅಂಚಿಗೆ ತುಪ್ಪ ಬಿಡುವುದು, ಮಗುಚುವುದು, ಮತ್ತೊಂದು ಹುಯ್ಯುವುದು. ಒಂದೊಂದಕ್ಕೂ ಕಣ್ಣು ಅಲ್ಲೇ ಇರಬೇಕು. ಕಾದ ಕಾವಲಿಗೆ ಹಿಟ್ಟು ಬಿದ್ದ ಸದ್ದೂ ಇದೆ, ತುಪ್ಪದ ಘಮವೂ ದೂರ ಹೋಗುತ್ತದೆ. ಪಕ್ಕದಲ್ಲಿ ಡಿಕಾಕ್ಷನ್ ಇಳಿಯುತ್ತಿರಲಿ. ಎಮಿಲಿಯ ಕೊನೆಯ ವಿದಾಯದ ಮಾತಿನಲ್ಲಿ ಕಾಫಿ ಇದ್ದೇ ಇದೆ.

ಮಲೆನಾಡ ಹುಡುಗಿ:
ದೋಸೆ! ಮಗುಚುವ ಹೊತ್ತಿಗೇ ಮಗಳು ‘ನನ್ನ ಕಡೆ ನೋಡಮ್ಮಾ’ ಅನ್ನಬೇಕು.

ತಾಲೀಮು ಮನೆ:
ಹೌದು, ಆದರೆ ಅದನ್ನು ಗಡಿಯಾರ ಇಟ್ಟು ಕೂಡಿಸಬೇಡಿ. ಸೆಕೆಂಡಿಗೆ ಸರಿಯಾಗಿ ಕೂಡಿದರೆ ಸಜ್ಜುಮಾಡಿದ್ದು ಎಂದು ಗೊತ್ತಾಗುತ್ತದೆ. ನಟಿ ನಿಜವಾಗಿ ಅಡುಗೆ ಮಾಡಲಿ, ಮಾತು ಬಂದಲ್ಲಿ ಬರಲಿ.

ಇನ್ನೊಂದು ಮುಖ್ಯ ವಿಷಯ, ಮೂರನೇ ಸಾಲು ಅವರೇ. ಮೂರನೇ ಅಂಕದ ಅಡುಗೆಮನೆ ಮೊದಲ ಅಂಕದ ಮೂಕಾಭಿನಯದಲ್ಲೇ ಶುರುವಾಗಬೇಕು. ಮೊದಲ ಅಂಕದಲ್ಲಿ ಮಿಸೆಸ್ ವೆಬ್ ಕಾಣದ ಒಲೆಯ ಬಾಗಿಲನ್ನು ಎಡಗೈಯಲ್ಲಿ ತೆರೆದರೆ, ಮೂರರಲ್ಲಿ ನಿಜವಾದ ಒಲೆಯ ಬಾಗಿಲೂ ಎಡಗೈಗೇ ತೆರೆಯಬೇಕು. ಮೇಜು, ಕಿಟಕಿ, ಮೆಟ್ಟಿಲು, ನೀರಿನ ಪಂಪು ಯಾವ ದಿಕ್ಕಿಗಿದ್ದವೋ ಅದೇ ದಿಕ್ಕಿಗೆ. ಪ್ರೇಕ್ಷಕರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ದೇಹಕ್ಕೆ ಗುರುತು ಸಿಗುತ್ತದೆ. ಬಾಲ್ಕನಿ ಅವರ ಆಕ್ಷೇಪಕ್ಕೆ ಇದು ಅರ್ಧ ಉತ್ತರವೂ ಹೌದು: ಹೊಸ ಅಡುಗೆಮನೆ ಬಂದು ಹಳೆಯದನ್ನು ಒರೆಸುವುದಿಲ್ಲ, ಕೈಗಳು ಅಲ್ಲೇ ಬರೆದಿಟ್ಟದ್ದು ಕಾಣಿಸಿಕೊಳ್ಳುತ್ತದೆ.

ಅದಕ್ಕೆ ತಾಲೀಮಿನ ಮೊದಲ ಎರಡು ವಾರ ನಿಜವಾದ ಪಾತ್ರೆಗಳೊಂದಿಗೇ ಮಾಡಿ: ಲೋಟ, ಕೆಟಲ್, ಒಂದು ಬುಟ್ಟಿ ಹುರುಳಿಕಾಯಿ. ನೆಲಕ್ಕೆ ಟೇಪ್ ಹಾಕಿ. ಒಲೆಯ ಎತ್ತರ, ಮೇಜಿನ ಎತ್ತರ ಗೋಡೆಗೆ ಗುರುತು ಮಾಡಿ. ಆಮೇಲೆ ಒಂದೊಂದೇ ವಸ್ತು ತೆಗೆಯುತ್ತ ಬನ್ನಿ. ಮೂಕಾಭಿನಯದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಮೂರು. ಕೆಟಲ್ ಕೆಳಗಿಟ್ಟ ನಂತರ ಬೆರಳು ಬಿಡಿಸುವುದು ಮರೆತು, ಅದು ಕೈಯಲ್ಲೇ ಆವಿಯಾಗಿ ಹೋಗುತ್ತದೆ. ತುಂಬಿದ ಕೆಟಲ್‌ಗೂ ಖಾಲಿ ಕೆಟಲ್‌ಗೂ ತೋಳಿನಲ್ಲಿ ತೂಕದ ವ್ಯತ್ಯಾಸ ಇರುವುದಿಲ್ಲ. ಮೂರನೆಯದು ಅತಿ ಚಂದ: ಪ್ರತಿ ಚಲನೆಯನ್ನೂ ತೋರಿಸಿ ತೋರಿಸಿ ಮಾಡುವುದು. ಅಡುಗೆಮನೆಯಲ್ಲಿ ಯಾರೂ ಹಾಗೆ ಕೈಯಾಡಿಸುವುದಿಲ್ಲ. ಹುರುಳಿಕಾಯಿ ನಾರು ತೆಗೆಯುವ ದೃಶ್ಯದಲ್ಲಿ ಇಬ್ಬರು ಹೆಂಗಸರ ಮಾತು ಕೇಳಬೇಕು, ಬೆರಳು ತನ್ನ ಪಾಡಿಗೆ ಓಡುತ್ತಿರಬೇಕು. ಮಿಸೆಸ್ ಗಿಬ್ಸ್‌ಗೆ ಪ್ಯಾರಿಸ್ ನೋಡುವ ಆಸೆ. ಅದನ್ನು ಹೇಳುವ ಗಳಿಗೆಯಲ್ಲಿ ಬೆರಳು ನಿಂತರೆ ಸಾಕು, ಬೇರೆ ಏನೂ ಮಾಡಬೇಕಾಗಿಲ್ಲ.

ನೇಪಥ್ಯ:
ಖಾಲಿ ರಂಗ ನಮ್ಮವರಿಗೆ ಹೊಸತಲ್ಲ ಎಂಬುದನ್ನೂ ಲೆಕ್ಕಕ್ಕೆ ತಗೊಳ್ಳಿ. 1938ರ ನ್ಯೂಯಾರ್ಕಿಗೆ ಅದು ಆಘಾತ. ಯಕ್ಷಗಾನದಲ್ಲಿ ಒಂದು ರಥ ಇಟ್ಟರೆ ಅದೇ ಸಿಂಹಾಸನ. ಭಾಗವತರು ಪಾತ್ರಗಳನ್ನು ಮಾತಾಡಿಸುತ್ತಾರೆ, ಕಥೆಯನ್ನು ಮುಂದಕ್ಕೆ ನಡೆಸುತ್ತಾರೆ. ವೈಲ್ಡರ್ ಚಿಕ್ಕಂದಿನಲ್ಲಿ ಸ್ವಲ್ಪ ಕಾಲ ಚೀನಾದಲ್ಲಿದ್ದವರು, ಅವರ ತಂದೆ ಹಾಂಗ್‌ಕಾಂಗ್, ಶಾಂಘೈಗಳಲ್ಲಿ ಅಮೆರಿಕದ ಕಾನ್ಸಲ್ ಜನರಲ್. ಪೂರ್ವದ ರಂಗಭೂಮಿಯ ಈ ರೀತಿ ಅವರಿಗೆ ಗೊತ್ತಿತ್ತು. ಹಾಗಾಗಿ ಕನ್ನಡ ಪ್ರೇಕ್ಷಕರ ಎದುರು ‘ನೋಡಿ, ಏನೂ ಇಲ್ಲ’ ಎಂದು ಖಾಲಿತನವನ್ನೇ ಮೆರೆಸಲು ಹೋಗಬೇಡಿ, ಅವರು ಕೂಡಲೇ ಒಪ್ಪಿಕೊಂಡುಬಿಡುತ್ತಾರೆ. ಹೌಸ್ ಲೈಟ್ ಉರಿಸಿಡುವುದು, ಸತ್ತವರನ್ನು ಪ್ರೇಕ್ಷಕರ ಮಗ್ಗುಲಲ್ಲೇ ಕೂರಿಸುವುದು, ಇವು ನಮ್ಮವರಿಗೂ ನಾಟುವ ಸಂಗತಿ.

ಸ್ಟೇಜ್ ಮ್ಯಾನೇಜರ್ ಪಾತ್ರವನ್ನು ಮಾತ್ರ ಬೀಡಿ ಸೇದುವ ಅಜ್ಜನ ಹಾಗೆ ಮುದ್ದು ಮುದ್ದಾಗಿ ಆಡಿಸಬೇಡಿ. ಪತ್ರಿಕೆ ಹಾಕುವ ಹುಡುಗ ಜೋ ಕ್ರೋವೆಲ್‌ನನ್ನು ಮಾತಾಡಿಸಿ, ಮರುಕ್ಷಣವೇ ಅವನು ಫ್ರಾನ್ಸ್‌ನಲ್ಲಿ ಯುದ್ಧದಲ್ಲಿ ಸತ್ತ ಎಂದು ಹೇಳುವ ಪಾತ್ರ ಅದು. ದನಿಯಲ್ಲಿ ಕನಿಕರ ಬೆರೆಸಿದರೆ ಆ ಮಾತು ಸತ್ತೇಹೋಗುತ್ತದೆ. ಬ್ಯಾರೋ ಸ್ಟ್ರೀಟಿನಲ್ಲಿ ಮೊದಲು ಕ್ರೋಮರ್ ಅವರೇ ಈ ಪಾತ್ರ ಮಾಡಿದರು, ಚುರುಕಾಗಿ, ಒಣದನಿಯಲ್ಲಿ. ಆಮೇಲೆ ಬಂದವರಲ್ಲಿ ಮೈಕೆಲ್ ಮೆಕೀನ್, ಹೆಲೆನ್ ಹಂಟ್ ಇದ್ದರು. ಹೆಣ್ಣು ಮಾಡಬಹುದೇ ಎಂಬ ಅನುಮಾನ ನಿಮಗೆ ಬೇಡ.

ಪ್ರಾಂಪ್ಟ್ ಪುಸ್ತಕ:
ಅದಕ್ಕೊಂದು ಸಣ್ಣ ಎಚ್ಚರಿಕೆ. ಪಾತ್ರದ ಹೆಸರೂ ಸ್ಟೇಜ್ ಮ್ಯಾನೇಜರ್, ಹೆಡ್‌ಸೆಟ್ ಹಾಕಿ ಕ್ಯೂ ಕೊಡುವವರೂ ಸ್ಟೇಜ್ ಮ್ಯಾನೇಜರ್. ತಾಲೀಮಿನ ಮೊದಲ ದಿನವೇ ಪಾತ್ರಕ್ಕೆ ‘ಸೂತ್ರಧಾರ’ ಎಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಇಲ್ಲದಿದ್ದರೆ ಒಲೆ ಹೊತ್ತಿಸುವ ಕ್ಯೂ ಒಂದು ದಿನ ತಪ್ಪು ಕಿವಿಗೆ ಹೋಗುತ್ತದೆ.

ಬಾಲ್ಕನಿ:
ತಾಲೀಮು ಮನೆಯವರ ದಿಕ್ಕಿನ ಮಾತು ನನಗೆ ಹಿಡಿಸಿತು. ಪೂರ್ತಿ ಒಪ್ಪಿಲ್ಲ, ಆದರೆ ಹಾಗೆ ಮಾಡಿದ ಪ್ರಯೋಗವನ್ನು ಕೂತು ನೋಡಬೇಕು ಅನಿಸುತ್ತಿದೆ. ಒಂದು ಸಂದೇಹ: ಇದೆಲ್ಲ ದೊಡ್ಡ ರಂಗಮಂದಿರಕ್ಕೆ ಹೊಂದುತ್ತದೆಯೇ? 2024ರಲ್ಲಿ ಕೆನ್ನಿ ಲಿಯೋನ್ ಇದೇ ನಾಟಕವನ್ನು ಬ್ರಾಡ್‌ವೇಯ ಬ್ಯಾರಿಮೋರ್‌ನಲ್ಲಿ ಮಾಡಿಸಿದರು, ಅಲ್ಲಿ ಸಾವಿರಕ್ಕೂ ಹೆಚ್ಚು ಸೀಟು.

ದೀಪದವನು:
ಒಂದು ಬಾಣಲೆ ಸಾವಿರ ಜನಕ್ಕೆ ಒಂದೇ ಸಮನೆ ತಲುಪುವುದಿಲ್ಲ. ಮುಂದಿನವರಿಗೆ ದಟ್ಟ, ಮಹಡಿಯವರಿಗೆ ಹತ್ತು ನಿಮಿಷ ತಡ. ಆಫ್-ಬ್ರಾಡ್‌ವೇ ಅಂದರೆ ನೂರರಿಂದ 499 ಸೀಟು, ಅದರಲ್ಲೂ 200ರ ಒಳಗಿನ ಜಾಗಕ್ಕೆ ಇದು ಹೇಳಿ ಮಾಡಿಸಿದ್ದು. ಅದೇ ಬ್ಯಾರೋ ಸ್ಟ್ರೀಟ್ ಮನೆಯಲ್ಲಿ 2017ರಲ್ಲಿ ‘ಸ್ವೀನಿ ಟಾಡ್’ ಸಂಗೀತ ನಾಟಕ ಆಡುವಾಗ ಜಾಗವನ್ನೇ ಪೈ (ಹೂರಣ ತುಂಬಿ ಬೇಯಿಸಿದ ತಿನಿಸು) ಅಂಗಡಿ ಮಾಡಿ, ಆಟಕ್ಕೆ ಮೊದಲು ನಿಜವಾದ ಪೈ ಬಡಿಸಿದ್ದರು. ಸಣ್ಣ ಜಾಗದ ಬಲ ಅದು. ನಿಮ್ಮ 120 ಸೀಟು ನಿಮಗೆ ಅನುಕೂಲವೇ.

ಕಾಣುವ ಕೋನ ಮಾತ್ರ ನೋಡಿಕೊಳ್ಳಿ. ಮೂರು ಬದಿಗೆ ಜನ ಕೂತಿದ್ದರೆ ಅಡುಗೆಮನೆಯ ಬದಿಗೆ ಅಂಟಿದ ಕುರ್ಚಿಗಳಿಗೆ ಒಳಗಿನದು ಕಾಣುವುದಿಲ್ಲ. ಅಗಲ 4 ಮೀಟರ್, ಆಳ ಎರಡೂವರೆ ಮೀಟರ್‌ಗಿಂತ ಹೆಚ್ಚು ಬೇಡ. ಪಕ್ಕದ ಗೋಡೆಗಳನ್ನು ಹೊರಕ್ಕೆ ಬಿಚ್ಚಿದಂತೆ ಓರೆಯಾಗಿ ನಿಲ್ಲಿಸಿ. ಒಲೆ ಆಳದಲ್ಲಿ ಬೇಡ, ಮುಂಚಾಚಿರಲಿ. ಆದರೂ ಕಾಣದ ನಾಲ್ಕಾರು ಕುರ್ಚಿ ಇದ್ದರೆ ಅವನ್ನು ಮಾರಬೇಡಿ.

ಮೂರನೇ ಸಾಲು:
ಎಲ್ಲರಿಗೂ ಧನ್ಯವಾದ. ದೋಸೆಯೋ ಬೇಕನ್ನೋ ಲೈಸೆನ್ಸ್ ಉತ್ತರ ಬಂದ ಮೇಲೆ ತೀರ್ಮಾನ. ಕೊನೆಯದಾಗಿ ಎಸಿ: ಯಾವಾಗ ಆರಿಸಬೇಕು, ಯಾವಾಗ ಹಾಕಬೇಕು?

ಪರಿಕರ ಪೆಟ್ಟಿಗೆ:
ಬಾಣಲೆ ಕಾಯಿಸಲು ಇಟ್ಟಾಗ ಆರಿಸಿ. ಇಲ್ಲದಿದ್ದರೆ ವಾಸನೆಯನ್ನೆಲ್ಲ ಕೊಳವೆ ನುಂಗಿಬಿಡುತ್ತದೆ. ಬೇಸಿಗೆಯಾದರೆ ಅಂಕ ಶುರುವಾಗುವ ಮುನ್ನ ಎರಡು ಡಿಗ್ರಿ ಹೆಚ್ಚು ತಣ್ಣಗೆ ಮಾಡಿಟ್ಟುಕೊಳ್ಳಿ. ಪ್ರೇಕ್ಷಕರಿಗೆ ಬಾಗಿಲಲ್ಲೇ ಒಂದು ಫಲಕ ಹಾಕಿ, ಒಳಗೆ ಅಡುಗೆ ಮಾಡಲಾಗುತ್ತದೆ, ಇಂಥ ಪದಾರ್ಥ ಎಂದು. ಅಲರ್ಜಿ ಇರುವವರಿಗೆ, ಉಬ್ಬಸದವರಿಗೆ ಅದು ಬೇಕು.

ತಾಲೀಮು ಮನೆ:
ಮತ್ತೆ ಹಾಕುವುದರ ಬಗ್ಗೆ ನನ್ನದೊಂದು ಕೋರಿಕೆ. ಎಮಿಲಿ ವಿದಾಯ ಹೇಳಿ ಹಿಂದಿರುಗಿದ ಮೇಲೆ ಪರದೆ ಮುಚ್ಚುತ್ತೀರಿ, ಒಲೆ ಆರಿಸುತ್ತೀರಿ, ಅಡುಗೆಮನೆ ಹೋಯಿತು. ವಾಸನೆ ಹೋಗುವುದಿಲ್ಲ. ಜಾರ್ಜ್ ಬಂದು ಅವಳ ಸಮಾಧಿಯ ಮೇಲೆ ಬೀಳುವಾಗಲೂ ಅದು ಅಲ್ಲೇ ಇರುತ್ತದೆ, ಪ್ರತಿಯೊಬ್ಬರ ಬಟ್ಟೆಯಲ್ಲೂ. ಹೊಗೆ ಬಂತೆಂದು ಗಾಬರಿಯಾಗಿ ಯಾರಾದರೂ ಆಗಲೇ ಎಕ್ಸಾಸ್ಟ್ ಒತ್ತಿಬಿಡುತ್ತಾರೆ, ಆ ಸ್ವಿಚ್ ಮೇಲೆ ಟೇಪ್ ಅಂಟಿಸಿಡಿ. ಸೂತ್ರಧಾರ ಗಡಿಯಾರಕ್ಕೆ ಕೀಲಿ ಕೊಟ್ಟು, ಗಂಟೆ ಹನ್ನೊಂದಾಯಿತು ಎಂದು ಹೇಳಿ, ಎಲ್ಲರನ್ನೂ ಮನೆಗೆ ಕಳಿಸಿದ ಮೇಲೆ ಹಾಕಿ.